ಗ್ರೀಸ್ ದ್ವೀಪಗಳಲ್ಲಿ ದೋಣಿ ಬಾಡಿಗೆ: ಚುಕ್ಕಾಣಿ ಯಾರ ಕೈಯಲ್ಲಿರಬೇಕು?

ಗ್ರೀಸ್ ದೇಶದ ಪಶ್ಚಿಮಕ್ಕೆ, ಅಯೋನಿಯನ್ ಸಮುದ್ರದಲ್ಲಿ, ಕಾರ್ಫು ದ್ವೀಪದಿಂದ ಸ್ವಲ್ಪ ದಕ್ಷಿಣಕ್ಕೆ ಪಾಕ್ಸೋಸ್ ಎಂಬ ಪುಟ್ಟ ದ್ವೀಪವಿದೆ. ಉದ್ದ ಸುಮಾರು 13 ಕಿಲೋಮೀಟರ್. ಅದರ ಮುಖ್ಯ ಊರಾದ ಗಾಯೋಸ್‌ನ ಬಂದರುಕಟ್ಟೆಯ ಮೇಲೆ ಬೇಸಿಗೆಯಲ್ಲಿ ನಡೆದುಹೋದರೆ ಎರಡು ಬಗೆಯ ಅವಕಾಶಗಳು ನಮ್ಮನ್ನು ಕರೆಯುತ್ತವೆ. ಒಂದು, ಐದು ಮೀಟರ್ ಉದ್ದದ ಸಣ್ಣ ಮೋಟಾರ್ ದೋಣಿಯನ್ನು ದಿನದ ಬಾಡಿಗೆಗೆ ಪಡೆದು ನೀವೇ ನಡೆಸಿಕೊಂಡು ಹೋಗುವುದು, ಲೈಸೆನ್ಸ್ ಬೇಕಿಲ್ಲ. ಇನ್ನೊಂದು, ಸ್ಕಿಪ್ಪರ್ (ದೋಣಿ ನಡೆಸುವ ನುರಿತ ನಾವಿಕ) ಸಮೇತ ದೊಡ್ಡ ದೋಣಿಯನ್ನು ಗೊತ್ತುಮಾಡಿಕೊಂಡು ಪ್ರಯಾಣಿಕರಾಗಿ ಕೂರುವುದು. ಬೆಲೆಯಲ್ಲಿ ಅಜಗಜಾಂತರವಿರುವುದರಿಂದ ಹೆಚ್ಚಿನವರು ಅಲ್ಲೇ ನಿಂತು, ಬೆಲೆ ನೋಡಿ, ತೀರ್ಮಾನ ಮಾಡಿಬಿಡುತ್ತಾರೆ.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದು. ಅಲೆಪ್ಪಿಯ ಹೌಸ್‌ಬೋಟ್ ಇರಲಿ, ಹೊನ್ನಾವರದ ಶರಾವತಿ ಹಿನ್ನೀರಿನ ದೋಣಿ ಇರಲಿ, ಹೊಗೆನಕಲ್ಲಿನ ತೆಪ್ಪ ಇರಲಿ, ನಾವು ಹತ್ತಿ ಕೂರುತ್ತೇವೆ, ನಡೆಸುವವನು ಬೇರೆಯವನು. ಹೊಳೆಯ ಸುಳಿ, ಗಾಳಿ, ಆಳ ಎಲ್ಲವೂ ಅವನ ಚಿಂತೆ. ಹೀಗಿರುವಾಗ ಲಂಡನ್ನಿನಲ್ಲೋ ಫ್ರಾಂಕ್‌ಫರ್ಟಿನಲ್ಲೋ ನೆಲೆಸಿದ ಕುಟುಂಬವೊಂದು, ಊರಿನಿಂದ ಬಂದ ತಂದೆತಾಯಿಯನ್ನೂ ಮಕ್ಕಳನ್ನೂ ಕರೆದುಕೊಂಡು ಜುಲೈ ತಿಂಗಳಿನಲ್ಲಿ ಗ್ರೀಸ್‌ಗೆ ಹೋದಾಗ, ಯಾರೋ ಕೈಗೆ ಕೀಲಿ ಕೊಟ್ಟು "ಸಂಜೆ ವಾಪಸ್ ತನ್ನಿ" ಎಂದರೆ ಅದು ಜೀವನದಲ್ಲಿ ಮೊದಲ ಸಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೋಣಿಯನ್ನು ತಿರುಗಿಸುವುದು, ವೇಗ ಹೆಚ್ಚಿಸುವುದು, ನಿಲ್ಲಿಸುವುದು ಅರ್ಧ ಗಂಟೆಯಲ್ಲಿ ಬರುವ ವಿದ್ಯೆ. ಇಂದು ಹೊರಡಬೇಕೇ ಬೇಡವೇ, ದ್ವೀಪದ ಯಾವ ಮಗ್ಗುಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಹಿಂತಿರುಗಬೇಕು ಎಂಬ ತೀರ್ಮಾನ ಅರ್ಧ ಗಂಟೆಯಲ್ಲಿ ಬರುವುದಿಲ್ಲ. ಸ್ಕಿಪ್ಪರ್‌ಗೆ ಕೊಡುವ ಹಣ ಮುಖ್ಯವಾಗಿ ಈ ತೀರ್ಮಾನಕ್ಕೆ. ಅಂದಿನ ಮಟ್ಟಿಗೆ ಅದನ್ನು ನೀವೇ ಮಾಡಬಲ್ಲಿರಾದರೆ ದೋಣಿ ತೆಗೆದುಕೊಳ್ಳಿ. ಇಲ್ಲವಾದರೆ ಮಾಡಬಲ್ಲವರಿಗೆ ಹಣ ಕೊಡಿ.

ಕಾನೂನು ಹೇಳುವುದು ಎಷ್ಟು

ಗ್ರೀಸ್‌ನಲ್ಲಿ 30 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ದೋಣಿಯನ್ನು 18 ವರ್ಷ ತುಂಬಿದವರು ಲೈಸೆನ್ಸ್ ಇಲ್ಲದೆ ಬಾಡಿಗೆಗೆ ಪಡೆಯಬಹುದು. ಕಟ್ಟೆಯ ಮೇಲೆ ಹತ್ತು ಹದಿನೈದು ನಿಮಿಷ ಪಾಠ ನಡೆಯುತ್ತದೆ. ಎಂಜಿನ್ ಚಾಲೂ ಮಾಡುವುದು ಹೇಗೆ, ಲಂಗರು ಎಲ್ಲಿದೆ, ಲೈಫ್ ಜಾಕೆಟ್ ಎಲ್ಲಿದೆ ಎಂದು ತೋರಿಸಿ, ನಕ್ಷೆಯ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದು "ಇದರಾಚೆಗೆ ಹೋಗಬೇಡಿ" ಎನ್ನುತ್ತಾರೆ. ಆಮೇಲೆ ದೋಣಿ, ಅದರೊಳಗಿರುವವರು, ಅದು ತಾಗಿಸುವ ಪೆಟ್ಟು ಎಲ್ಲಕ್ಕೂ ನೀವೇ ಜವಾಬ್ದಾರರು. ಎಂಜಿನ್ನಿನ ಶಕ್ತಿಗೆ ಮಿತಿ ಹಾಕಿದರೆ ವೇಗಕ್ಕೆ ಮಿತಿ ಬೀಳುತ್ತದೆ, ಅಪಾಯವೂ ಅಷ್ಟಕ್ಕೆ ಕಡಿಮೆಯಾಗುತ್ತದೆ ಎಂಬುದು ಈ ನಿಯಮದ ಹಿಂದಿನ ಲೆಕ್ಕ. ಗಾಳಿಯ ವಿಷಯ ಆ ಲೆಕ್ಕದಲ್ಲಿ ಇಲ್ಲ.

ಬೇರೆ ದೇಶಗಳಲ್ಲಿ ಗೆರೆ ಬೇರೆ ಕಡೆ ಇದೆ. ಇಟಲಿಯಲ್ಲಿ 40 ಅಶ್ವಶಕ್ತಿಯವರೆಗೆ, ದಡದಿಂದ 6 ನಾಟಿಕಲ್ ಮೈಲಿಯೊಳಗೆ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿಲೋಮೀಟರ್), ಲೈಸೆನ್ಸ್ ಬೇಡ. ಸ್ಪೇನ್‌ನಲ್ಲಿ ದೋಣಿ 5 ಮೀಟರ್ ಮೀರಬಾರದು, ಎಂಜಿನ್ 15 ಅಶ್ವಶಕ್ತಿ ಮೀರಬಾರದು, ಹಗಲು ಮಾತ್ರ, ಬಂದರಿನಿಂದ 2 ನಾಟಿಕಲ್ ಮೈಲಿಯೊಳಗೆ ಮಾತ್ರ. ಕ್ರೊಯೇಷಿಯಾ ಬಿಗಿ, ಬಾಡಿಗೆಗೆ ಸಿಗುವ ಸಾಮಾನ್ಯ ಮೋಟಾರ್ ದೋಣಿಗೂ ಲೈಸೆನ್ಸ್ ಕೇಳುತ್ತಾರೆ. ಅದಿಲ್ಲದವರಿಗೆ ಅಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ಸ್ಕಿಪ್ಪರ್ ಬೇಕೇ ಬೇಕು. ಭಾರತದ ಕಾರಿನ ಲೈಸೆನ್ಸ್ ಇವೆಲ್ಲದರಲ್ಲಿ ಗುರುತಿನ ಚೀಟಿಗಿಂತ ಹೆಚ್ಚಿನ ಉಪಯೋಗಕ್ಕೆ ಬಾರದು.

ನೀಲಿ ಆಕಾಶದ ಕೆಳಗಿನ ಗಾಳಿ

ನಮ್ಮ ಕಣ್ಣಿಗೆ ಕೆಟ್ಟ ಹವೆ ಎಂದರೆ ಮೋಡ. ಕರಾವಳಿಯಲ್ಲಿ ಬೆಳೆದವರಿಗಂತೂ ಕಡಲು ಕೆರಳುವುದೂ ಮುಗಿಲು ಕಪ್ಪಾಗುವುದೂ ಒಟ್ಟಿಗೇ ಬರುವ ಸಂಗತಿಗಳು. ಗ್ರೀಸ್‌ನ ಬೇಸಿಗೆಯಲ್ಲಿ ಈ ಅಭ್ಯಾಸ ಮೋಸ ಮಾಡುತ್ತದೆ. ಅಲ್ಲಿ ಒಂದು ತುಣುಕು ಮೋಡವೂ ಇಲ್ಲದ ದಿನ ಗಾಳಿ ಹುಚ್ಚೆದ್ದು ಬೀಸಬಹುದು.

ಪೂರ್ವದ ಈಜಿಯನ್ ಸಮುದ್ರದಲ್ಲಿ, ಅಂದರೆ ಮೈಕೊನೊಸ್, ನಾಕ್ಸೋಸ್, ಸಾಂಟೊರಿನಿಗಳಿರುವ ಕಡೆ, ಈ ಗಾಳಿಗೆ ಮೆಲ್ಟೆಮಿ ಎನ್ನುತ್ತಾರೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಅದರ ಅಬ್ಬರ ಹೆಚ್ಚು. ಉತ್ತರದಿಂದ ಬೀಸುವ ಈ ಗಾಳಿ, ಗಾಳಿಯ ಬಲವನ್ನು 0ಯಿಂದ 12ರವರೆಗೆ ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ, 6 ಅಥವಾ 7ಕ್ಕೆ ಏರಿ ಹಲವು ದಿನ ಬಿಡದೆ ಇರಬಹುದು. ಇದಕ್ಕೂ ನಮ್ಮ ಮುಂಗಾರಿಗೂ ನಂಟಿದೆ. ಬೇಸಿಗೆಯಲ್ಲಿ ದಕ್ಷಿಣ ಏಷ್ಯಾದ ಮೇಲೆ ಕುಳಿತ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಪಶ್ಚಿಮಕ್ಕೆ ಚಾಚಿಕೊಂಡು ಟರ್ಕಿಯವರೆಗೆ ಮುಟ್ಟುತ್ತದೆ; ಅತ್ತ ಬಾಲ್ಕನ್ ಪ್ರದೇಶದ ಮೇಲೆ ಒತ್ತಡ ಹೆಚ್ಚಿರುತ್ತದೆ. ಈ ಎರಡರ ನಡುವಿನ ಇಳಿಜಾರಿನಲ್ಲಿ ಗಾಳಿ ಈಜಿಯನ್ ಮೇಲೆ ಧುಮುಕುತ್ತದೆ. ಆಗುಂಬೆಯಲ್ಲಿ ಮಳೆ ಸುರಿಸುವ ವ್ಯವಸ್ಥೆಯ ಇನ್ನೊಂದು ತುದಿ ಅಲ್ಲಿ ಒಣ ಗಾಳಿಯಾಗಿ ಬೀಸುತ್ತಿರುತ್ತದೆ ಎಂಬುದು ನನಗೆ ಈಗಲೂ ಬೆರಗಿನ ಸಂಗತಿ. ಪ್ರವಾಸಿಗರ ಮಟ್ಟಿಗೆ ಇದರ ಅರ್ಥ ಸರಳ: ಆಗಸ್ಟ್‌ನಲ್ಲಿ ಈಜಿಯನ್‌ನ ತೆರೆದ ದ್ವೀಪಗಳಲ್ಲಿ ಮೊದಲ ಸಲ ದೋಣಿ ನಡೆಸುವ ಯೋಜನೆ ಹಾಕಿಕೊಳ್ಳಬೇಡಿ.

ಪಶ್ಚಿಮದ ಅಯೋನಿಯನ್ ಸೌಮ್ಯ. ಅಲ್ಲಿ ಬೀಸುವ ವಾಯವ್ಯ ಗಾಳಿಗೆ ಮೈಸ್ಟ್ರೋ ಎಂದು ಹೆಸರು. ಬೇಸಿಗೆಯ ಸಾಮಾನ್ಯ ದಿನದಲ್ಲಿ ಬೆಳಿಗ್ಗೆ ನೀರು ಎಣ್ಣೆ ಸುರಿದಷ್ಟು ನುಣುಪಾಗಿರುತ್ತದೆ. ಮಧ್ಯಾಹ್ನದಿಂದ ಗಾಳಿ ನಿಧಾನವಾಗಿ ಎದ್ದು, ಇಳಿಹೊತ್ತಿಗೆ 4ಕ್ಕೆ, ಒಮ್ಮೊಮ್ಮೆ 5ಕ್ಕೆ ಏರಿ, ಸೂರ್ಯ ಮುಳುಗುವ ಹೊತ್ತಿಗೆ ತಣ್ಣಗಾಗುತ್ತದೆ. ಬ್ಯೂಫೋರ್ಟ್ 4 ಎಂದರೆ 11ರಿಂದ 16 ನಾಟ್, ಅಂದರೆ ಗಂಟೆಗೆ 20ರಿಂದ 30 ಕಿಲೋಮೀಟರ್. ಬಿಳಿ ನೊರೆಯ ಅಲೆಗಳು ಎಲ್ಲೆಲ್ಲೂ ಕಾಣತೊಡಗಿದರೆ ಗಾಳಿ 4 ಮುಟ್ಟಿದೆ ಎಂದು ತಿಳಿಯಿರಿ. ದೊಡ್ಡ ದೋಣಿಗೆ ಇದು ಏನೂ ಅಲ್ಲ. ಐದು ಮೀಟರ್ ದೋಣಿಯಲ್ಲಿ ಕುಳಿತ ಕುಟುಂಬಕ್ಕೆ ಸಾಕಷ್ಟು ದೊಡ್ಡ ಮಾತು.

ಪಾಕ್ಸೋಸ್‌ನಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ನೋಡೋಣ. ಗಾಯೋಸ್‌ನಲ್ಲಿ ದೋಣಿ ಪಡೆದವರೆಲ್ಲರ ಆಸೆ ಒಂದೇ: ದಕ್ಷಿಣದಲ್ಲಿರುವ ಆಂಟಿಪಾಕ್ಸೋಸ್‌ಗೆ ಹೋಗಿ ವೂಟೂಮಿ, ವ್ರಿಕಾ ಕಡಲತೀರಗಳ ತಿಳಿನೀಲಿ ನೀರಿನಲ್ಲಿ ಇಳಿಯುವುದು. ನಡುವೆ ಮೂರು ಕಿಲೋಮೀಟರ್ ಆಸುಪಾಸಿನ ತೆರೆದ ನೀರು. ದಕ್ಷಿಣಕ್ಕೆ ಹೋಗುವಾಗ ಗಾಳಿ ನಿಮ್ಮ ಬೆನ್ನಿಗಿರುತ್ತದೆ. ಗಾಳಿ 10 ನಾಟ್, ದೋಣಿ 8 ನಾಟ್ ಎಂದಿಟ್ಟುಕೊಳ್ಳಿ. ಮುಖಕ್ಕೆ ತಾಗುವುದು ಬರೀ 2 ನಾಟ್. ಗಾಳಿಯೇ ಇಲ್ಲ ಎನಿಸುತ್ತದೆ, ಬಿಸಿಲು ಹಿತವಾಗಿರುತ್ತದೆ, ಅಲೆಗಳು ದೋಣಿಯನ್ನು ಮೆತ್ತಗೆ ಮುಂದಕ್ಕೆ ತಳ್ಳುತ್ತವೆ. ಇಳಿಹೊತ್ತಿಗೆ ಹಿಂತಿರುಗುವಾಗ ಅದೇ ಗಾಳಿ ಎದುರಿಗೆ. ಈಗ ಮುಖಕ್ಕೆ ತಾಗುವುದು 18 ನಾಟ್. ಅಷ್ಟರಲ್ಲಿ ಗಾಳಿ 14ಕ್ಕೆ ಏರಿದ್ದರೆ 22. ದೋಣಿಯ ಮುಂಭಾಗ ಎದ್ದೆದ್ದು ನೀರಿಗೆ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಉಪ್ಪುನೀರು ಎಲ್ಲರ ಮೈಮೇಲೆ, ಮಕ್ಕಳ ಅಳು, ಅಜ್ಜಿಯ ಬೆನ್ನುನೋವು. ಹೋಗುವಾಗ ಇಪ್ಪತ್ತು ನಿಮಿಷದಲ್ಲಿ ಮುಗಿದ ದಾರಿ ಸಂಜೆ ಒಂದು ಗಂಟೆ ಹಿಡಿಯುತ್ತದೆ. ಇಲ್ಲಿ ಯಾರೂ ತಪ್ಪು ತಿರುವು ತೆಗೆದುಕೊಂಡಿಲ್ಲ, ದೋಣಿ ನಡೆಸುವುದರಲ್ಲಿ ಎಡವಿಲ್ಲ. ಎರಡು ಗಂಟೆಗೆ ಹೊರಡಬೇಕಿದ್ದವರು ನಾಲ್ಕೂವರೆಗೆ ಹೊರಟರು, ಅಷ್ಟೆ.

ಸ್ಥಳೀಯ ಸ್ಕಿಪ್ಪರ್ ಇದೇ ದಿನವನ್ನು ತಿರುಗಿಸಿ ಜೋಡಿಸುತ್ತಾನೆ. ಪಾಕ್ಸೋಸ್‌ನ ಪಶ್ಚಿಮ ಮಗ್ಗುಲು ಪೂರ್ತಿ ಸುಣ್ಣಕಲ್ಲಿನ ಕಡಿದಾದ ಬಂಡೆ. ಅದರ ಬುಡದಲ್ಲಿ ನೀಲಿ ಬೆಳಕಿನ ಗುಹೆಗಳಿವೆ. ತೆರೆದ ಸಮುದ್ರದ ಅಲೆ ನೇರವಾಗಿ ಬಂದು ಅಪ್ಪಳಿಸುವ ಜಾಗ ಅದು, ಹೊಕ್ಕು ನಿಲ್ಲಲು ಬಂದರಿಲ್ಲ. ಆದ್ದರಿಂದ ನೀರು ಮಲಗಿರುವ ಬೆಳಗಿನ ಹೊತ್ತಿನಲ್ಲೇ ಅವನು ಅದನ್ನು ಮುಗಿಸುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಗಾಳಿಗೆ ಮರೆಯಾದ ಪೂರ್ವ ದಡಕ್ಕೆ, ಲೊಗ್ಗೋಸ್ ಊರಿನ ಊಟಕ್ಕೆ ಬಂದಿರುತ್ತಾನೆ. ಗುಹೆಯೊಳಗೆ ದೋಣಿ ಹೊಗಿಸುವ ಮುನ್ನ ಹೊರಗೆ ಒಂದೆರಡು ನಿಮಿಷ ಸುಮ್ಮನೆ ನಿಂತು, ಬರುವ ಅಲೆಗಳು ಬಂಡೆಗೆ ತಾಗಿ ಎಷ್ಟು ಎತ್ತರ ಏರುತ್ತಿವೆ ಎಂದು ನೋಡುತ್ತಾನೆ. ಒಮ್ಮೊಮ್ಮೆ ತಲೆಯಾಡಿಸಿ, ದೋಣಿ ತಿರುಗಿಸಿ, ಹೊರಟುಬಿಡುತ್ತಾನೆ. ಹಣ ಕೊಟ್ಟವರಿಗೆ ಆಗ ನಿರಾಸೆ. ನಿಮ್ಮ ಹಣ ಅತ್ಯಂತ ಚೆನ್ನಾಗಿ ಖರ್ಚಾದ ಕ್ಷಣ ಅದೇ ಎಂದು ನಾನು ನಂಬುತ್ತೇನೆ.

ಲಂಗರು ಹಾಕುವ ಹದಿನೈದು ನಿಮಿಷ

ಹೊಸಬರಿಗೆ ನಿಜವಾಗಿ ಕಷ್ಟವಾಗುವುದು ಓಡಿಸುವುದಲ್ಲ, ನಿಲ್ಲಿಸುವುದು. ದೋಣಿಗೆ ಬ್ರೇಕ್ ಇಲ್ಲ. ತಿರುಗಿಸಿದಾಗ ಹಿಂಭಾಗ ಹೊರಕ್ಕೆ ಬೀಸುತ್ತದೆ, ಹಾಗಾಗಿ ಮುಂಭಾಗ ಕಟ್ಟೆಯನ್ನು ದಾಟಿತೆಂದು ನೆಮ್ಮದಿಪಡುವಷ್ಟರಲ್ಲಿ ಹಿಂಭಾಗ ಪಕ್ಕದ ದೋಣಿಗೆ ತಾಗಿರುತ್ತದೆ. ಕಟ್ಟೆಯ ಬಳಿಗಾದರೂ ಬಾಡಿಗೆ ಕೊಟ್ಟವರೇ ಬಂದು ಹಗ್ಗ ಹಿಡಿಯುತ್ತಾರೆ. ನಿರ್ಜನ ಕೊಲ್ಲಿಯಲ್ಲಿ ನೀವೇ.

ಲಂಗರು ಭಾರದಿಂದ ದೋಣಿಯನ್ನು ಹಿಡಿದಿಡುತ್ತದೆ ಎಂಬುದು ಸಾಮಾನ್ಯ ತಪ್ಪು ತಿಳುವಳಿಕೆ. ಅದು ನೇಗಿಲಿನ ಗುಳದಂತೆ ಮರಳಿಗೆ ಇಳಿದು ಕಚ್ಚಬೇಕು, ಅದಕ್ಕೆ ಎಳೆತ ನೆಲದ ಸಮಕ್ಕೆ ಅಡ್ಡಡ್ಡವಾಗಿರಬೇಕು. ಹಗ್ಗ ಗಿಡ್ಡವಿದ್ದರೆ ಎಳೆತ ಮೇಲ್ಮುಖವಾಗಿ, ಲಂಗರು ಕಿತ್ತು ಬರುತ್ತದೆ. ಆದ್ದರಿಂದ 4 ಮೀಟರ್ ಆಳದಲ್ಲಿ ನಿಲ್ಲುವುದಾದರೆ ಕಡಿಮೆಯೆಂದರೂ 16ರಿಂದ 20 ಮೀಟರ್ ಹಗ್ಗ ಬಿಡಬೇಕು. ಕ್ರಮ ಹೀಗೆ: ಗಾಳಿಗೆ ಎದುರಾಗಿ ನಿಧಾನವಾಗಿ ಬನ್ನಿ, ದೋಣಿ ಪೂರ್ತಿ ನಿಂತ ಮೇಲೆ ಲಂಗರನ್ನು ಎಸೆಯದೆ ಇಳಿಬಿಡಿ, ಗಾಳಿ ದೋಣಿಯನ್ನು ಹಿಂದಕ್ಕೆ ಒಯ್ಯುತ್ತಿದ್ದಂತೆ ಹಗ್ಗ ಸಡಿಲಿಸುತ್ತಾ ಹೋಗಿ, ಕಟ್ಟಿ, ಎಂಜಿನ್ನನ್ನು ಹಿಮ್ಮುಖವಾಗಿ ಕೆಲವು ಕ್ಷಣ ಮೆಲ್ಲಗೆ ನಡೆಸಿ. ದಡದ ಮೇಲಿನ ಒಂದು ಮರವನ್ನೂ ಅದರ ಹಿಂದಿನ ಒಂದು ಬಂಡೆಯನ್ನೂ ಒಂದೇ ಗೆರೆಯಲ್ಲಿ ಗುರುತಿಟ್ಟುಕೊಂಡು ಐದು ನಿಮಿಷ ನೋಡಿ. ಗೆರೆ ತಪ್ಪದಿದ್ದರೆ ಲಂಗರು ಕಚ್ಚಿದೆ. ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿದೆಯೇ ಎಂದು ಇಳಿಬಿಡುವ ಮೊದಲೇ ನೋಡಿಕೊಂಡಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಲಂಗರು ಬೀಳುವ ಜಾಗವೂ ಮುಖ್ಯ. ನೀರಿನಡಿ ತಿಳಿಬಣ್ಣವಿದ್ದರೆ ಮರಳು. ಕಪ್ಪು ತೇಪೆಗಳಿದ್ದರೆ ಬಂಡೆ, ಇಲ್ಲವೇ ಪೊಸಿಡೋನಿಯಾ ಎಂಬ ಕಡಲಹುಲ್ಲು. ಈ ಹುಲ್ಲುಗಾವಲು ಮೆಡಿಟರೇನಿಯನ್‌ನ ಮೀನುಮರಿಗಳ ತೊಟ್ಟಿಲು. ಬೆಳೆಯುವುದು ಬಹಳ ನಿಧಾನ, ಒಂದು ಲಂಗರು ಕಿತ್ತ ಜಾಗ ತುಂಬಿಕೊಳ್ಳಲು ವರ್ಷಗಟ್ಟಲೆ ಬೇಕು. ಅಲ್ಲಿ ಲಂಗರು ಸರಿಯಾಗಿ ಕಚ್ಚುವುದೂ ಇಲ್ಲ. ಮರಳಿನ ಜಾಗ ಸಿಗುವವರೆಗೆ ಹುಡುಕುವ ತಾಳ್ಮೆ ಇಲ್ಲದವರು ಸ್ಕಿಪ್ಪರ್‌ನನ್ನು ಕರೆದೊಯ್ಯಲಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಝಾಕಿಂಥೋಸ್ ದ್ವೀಪದಲ್ಲಿ ಈ ಜವಾಬ್ದಾರಿ ಇನ್ನೂ ಹೆಚ್ಚು. ಅದರ ದಕ್ಷಿಣದ ಲಗಾನಾಸ್ ಕೊಲ್ಲಿ ಕರೆಟ್ಟಾ ಕರೆಟ್ಟಾ ಎಂಬ ಕಡಲಾಮೆಗಳು ಮೊಟ್ಟೆಯಿಡುವ ಪ್ರದೇಶ. 1999ರಲ್ಲಿ ಅಲ್ಲಿ ರಾಷ್ಟ್ರೀಯ ಕಡಲ ಉದ್ಯಾನ ಸ್ಥಾಪನೆಯಾಯಿತು. ಬೇಸಿಗೆಯಲ್ಲಿ ಕೊಲ್ಲಿಯನ್ನು ಮೂರು ವಲಯ ಮಾಡಿರುತ್ತಾರೆ: ಒಂದಕ್ಕೆ ದೋಣಿಗಳಿಗೆ ಪ್ರವೇಶವಿಲ್ಲ, ಇನ್ನೊಂದರಲ್ಲಿ ಹೋಗಬಹುದು ಆದರೆ ಲಂಗರು ಹಾಕುವಂತಿಲ್ಲ, ಮೂರನೆಯದರಲ್ಲಿ ಹಾಕಬಹುದು, ಈ ಎರಡರಲ್ಲೂ ವೇಗ 6 ನಾಟ್ ಮೀರುವಂತಿಲ್ಲ. ಆಮೆ ಉಸಿರಾಡಲು ಮೇಲೆ ಬರುತ್ತದೆ, ಪ್ರೊಪೆಲರ್ ಇರುವುದೂ ಅಲ್ಲೇ. ಆಮೆ ಕಂಡ ಕೂಡಲೇ ಹತ್ತು ದೋಣಿಗಳು ಸುತ್ತುವರಿದು ಫೋಟೋಕ್ಕೆ ಮುಗಿಬೀಳುವುದು ಅಲ್ಲಿ ದಿನನಿತ್ಯದ ದೃಶ್ಯ. ಅದರಲ್ಲಿ ಸ್ಕಿಪ್ಪರ್‌ಗಳ ದೋಣಿಗಳೂ ಇರುತ್ತವೆ. ಹಾಗಾಗಿ ಹಣ ಕೊಟ್ಟ ಮಾತ್ರಕ್ಕೆ ನಮ್ಮ ಹೊಣೆ ಕಳೆಯಿತು ಎನ್ನುವಂತಿಲ್ಲ. ದೂರ ನಿಲ್ಲಿಸಿ ಎಂದು ಹೇಳುವ ಹಕ್ಕು ಪ್ರಯಾಣಿಕರಿಗೂ ಇದೆ. ಅದೇ ದ್ವೀಪದ ವಾಯವ್ಯದಲ್ಲಿರುವ ಪ್ರಸಿದ್ಧ ನವಾಜಿಯೋದಲ್ಲಿ, ಅಂದರೆ 1980ರಲ್ಲಿ ಹಡಗು ಬಂದು ಸಿಕ್ಕಿಕೊಂಡ ಕಡಲತೀರದಲ್ಲಿ, 2018ರ ಸೆಪ್ಟೆಂಬರ್‌ನಲ್ಲಿ ಬಂಡೆ ಕುಸಿದು ಪ್ರವಾಸಿಗರು ಗಾಯಗೊಂಡರು. ಈಚಿನ ಬೇಸಿಗೆಗಳಲ್ಲಿ ಅಲ್ಲಿ ಇಳಿಯುವುದಕ್ಕೆ ನಿಷೇಧವಿದೆ.

ಜೊತೆಗಿರುವವರು, ಖರ್ಚು, ಕರಾರು

ಗಾಳಿಯ ನಂತರ ನಾನು ನೋಡುವುದು ದೋಣಿಯಲ್ಲಿ ಯಾರಿದ್ದಾರೆ ಎಂಬುದನ್ನು. ಈಜು ಬರುವ ನಾಲ್ವರು ವಯಸ್ಕರು, ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮೂರಕ್ಕೆ ಮರಳಲು ಸಿದ್ಧರಿರುವವರು, ಅಯೋನಿಯನ್‌ನ ಪೂರ್ವ ದಡ, ಗಾಳಿಯ ಮುನ್ಸೂಚನೆ ಬ್ಯೂಫೋರ್ಟ್ 3ಕ್ಕಿಂತ ಕೆಳಗೆ: ಧಾರಾಳವಾಗಿ ನೀವೇ ನಡೆಸಿ. ಪ್ರವಾಸಿ ಹಡಗುಗಳು ಬರುವ ಮೊದಲು ಒಂದು ಕೊಲ್ಲಿಯನ್ನು ನಿಮ್ಮದಾಗಿಸಿಕೊಳ್ಳುವ, ಬೇಕೆಂದಲ್ಲಿ ಎಂಜಿನ್ ನಿಲ್ಲಿಸಿ ನೀರಿಗೆ ಧುಮುಕುವ ಸುಖ ಬೇರೆ ಯಾವ ರೀತಿಯಲ್ಲೂ ಸಿಗುವುದಿಲ್ಲ. ಆದರೆ ಮಂಡಿನೋವಿನ ಹಿರಿಯರು, ಈಜು ಬಾರದವರು, ನಾಲ್ಕು ವರ್ಷದ ಮಗು ಜೊತೆಗಿದ್ದರೆ ಪರಿಸ್ಥಿತಿ ಬೇರೆ. ಸಣ್ಣ ದೋಣಿಗೆ ನೆರಳು ಒಂದು ಬಟ್ಟೆಯ ಚಪ್ಪರದಷ್ಟು; ಶೌಚಾಲಯ ಇರುವುದಿಲ್ಲ; ನೀರಿನಿಂದ ಮೇಲೆ ಹತ್ತಲು ಕಿರಿದಾದ ಏಣಿ. ಏನಾದರೂ ಆದರೆ ಚುಕ್ಕಾಣಿ ಹಿಡಿದವರೇ ನೀರಿಗೆ ಹಾರಬೇಕು, ಅವರೇ ದೋಣಿಯನ್ನೂ ಹಿಡಿಯಬೇಕು. ದೋಣಿ ನಡೆಸಬಲ್ಲ ಎರಡನೆಯವರು ಇಲ್ಲದಿದ್ದರೆ ನಾನಂತೂ ಸ್ಕಿಪ್ಪರ್ ಇಲ್ಲದೆ ಹೊರಡುವುದಿಲ್ಲ. ಮಕ್ಕಳಿದ್ದರೆ ಅವರ ಅಳತೆಯ ಲೈಫ್ ಜಾಕೆಟ್ ಕೇಳಿ ಪಡೆದು, ಕಟ್ಟೆಯ ಮೇಲೇ ತೊಡಿಸಿ ನೋಡಬೇಕು.

ಖರ್ಚಿನ ವಿಷಯ. ಸಣ್ಣ ದೋಣಿಯ ಬಾಡಿಗೆಗೆ ಪೆಟ್ರೋಲ್ ಸಾಮಾನ್ಯವಾಗಿ ಸೇರಿರುವುದಿಲ್ಲ. 30 ಅಶ್ವಶಕ್ತಿಯ ಎಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ ಹತ್ತು ಲೀಟರ್ ಆಸುಪಾಸು ಕುಡಿಯುತ್ತದೆ. ಅರ್ಧ ವೇಗದಲ್ಲಿ ಬಹಳ ಕಡಿಮೆ. ಮಿಕ್ಕಿದ್ದು ಠೇವಣಿ. ಪ್ರೊಪೆಲರ್ ಬಂಡೆಗೆ ತಾಗಿ ಹಾಳಾದರೆ ವಿಮೆ ಬಹುತೇಕ ಕೈಗೆ ಬರುವುದಿಲ್ಲ, ಠೇವಣಿಯಿಂದಲೇ ಮುರಿದುಕೊಳ್ಳುತ್ತಾರೆ. ಹೊರಡುವ ಮೊದಲು ದೋಣಿಯ ಸುತ್ತಲಿನ ಗೀರುಗಳನ್ನೂ ಪ್ರೊಪೆಲರ್‌ನ ಅಲಗುಗಳನ್ನೂ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳುವುದು ಲೇಸು. ನಿಮ್ಮ ಪ್ರವಾಸ ವಿಮೆ ಸ್ವತಃ ದೋಣಿ ನಡೆಸುವುದನ್ನು ಒಳಗೊಂಡಿದೆಯೇ ಎಂದೂ ಓದಿ ನೋಡಿ. ಅನೇಕ ಪಾಲಿಸಿಗಳು ಅದನ್ನು ಹೊರಗಿಡುತ್ತವೆ.

ಸ್ಕಿಪ್ಪರ್ ದೋಣಿ ಹಲವು ಪಟ್ಟು ದುಬಾರಿ, ಆದರೆ ಎಂಟು ಹತ್ತು ಜನ ಹಂಚಿಕೊಂಡರೆ ಅಂತರ ಕುಗ್ಗುತ್ತದೆ. ಕೇಳಬೇಕಾದದ್ದು: ಬೆಲೆಯಲ್ಲಿ ಇಂಧನ ಸೇರಿದೆಯೇ, ಹಣ ಪಡೆದು ಪ್ರಯಾಣಿಕರನ್ನು ಒಯ್ಯಲು ದೋಣಿಗೆ ಪರವಾನಗಿ ಮತ್ತು ವಿಮೆ ಇವೆಯೇ, ಗಾಳಿಯಿಂದ ರದ್ದಾದರೆ ಹಣ ವಾಪಸ್ಸೇ. ಈ ಕೊನೆಯದಕ್ಕೆ ಸ್ಪಷ್ಟ ಉತ್ತರ ಕೊಡದವರಿಂದ ದೂರವಿರಿ. ರದ್ದು ಮಾಡಿದರೆ ನಷ್ಟವಾಗುವವನು ರದ್ದು ಮಾಡಲು ಹಿಂಜರಿಯುತ್ತಾನೆ.

ಒಂದು ವಾರದ ಹಾಯಿದೋಣಿ ಬಾಡಿಗೆಯಲ್ಲಿ ಒಂದು ತೊಡಕಿದೆ, ಅದು ಹಲವರಿಗೆ ತಡವಾಗಿ ತಿಳಿಯುತ್ತದೆ. ಕಂಪನಿಯಿಂದ ಬರಿಯ ದೋಣಿಯನ್ನು ಪಡೆದು, ಸ್ಕಿಪ್ಪರ್‌ನನ್ನು ದಿನಗೂಲಿಯ ಮೇಲೆ ಬೇರೆಯಾಗಿ ಸೇರಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಆಗ ಕರಾರಿಗೆ ಸಹಿ ನಿಮ್ಮದು, ಠೇವಣಿ ನಿಮ್ಮದು. ಅವನ ಕೈಯಲ್ಲಿ ಪೆಟ್ಟಾದರೂ ಮುರಿದುಕೊಳ್ಳುವುದು ನಿಮ್ಮ ಠೇವಣಿಯಿಂದ ಎಂದು ಕರಾರಿನಲ್ಲಿ ಬರೆದಿರಬಹುದು. ಅವನಿಗೊಂದು ಕ್ಯಾಬಿನ್ ಬಿಡಬೇಕು, ಊಟ ನಿಮ್ಮದೇ ಖರ್ಚಿನಲ್ಲಿ. ಆರು ಜನರಿಗೆಂದು ಮೂರು ಕ್ಯಾಬಿನ್‌ಗಳ ದೋಣಿ ಗೊತ್ತುಮಾಡಿದ ಕುಟುಂಬಕ್ಕೆ ಈ ಕ್ಯಾಬಿನ್ ಲೆಕ್ಕ ಹಡಗುಕಟ್ಟೆಯಲ್ಲಿ ಗೊತ್ತಾದರೆ ಜಗಳವೇ ಗತಿ. ಸಿಬ್ಬಂದಿ ಸಮೇತ ಬಾಡಿಗೆಗೆ ಕೊಡುವ ದೋಣಿಗಳಲ್ಲಿ ಈ ತಲೆನೋವಿಲ್ಲ, ಬೆಲೆ ಮಾತ್ರ ಇನ್ನೂ ಮೇಲೆ.

ಎರಡರ ನಡುವೆ ಒಂದು ದಾರಿಯಿದೆ, ಅದನ್ನೇ ನಾನು ಹೆಚ್ಚಿನವರಿಗೆ ಹೇಳುವುದು. ದ್ವೀಪದಲ್ಲಿ ಐದಾರು ದಿನ ಇರುವಿರಾದರೆ ಮೊದಲ ದಿನ ಅರ್ಧ ಹಗಲು ಸ್ಕಿಪ್ಪರ್ ಜೊತೆ ಹೋಗಿ. ಎಲ್ಲಿ ಬಂಡೆ ನೀರಿನಡಿ ಅಡಗಿದೆ, ದೊಡ್ಡ ದೋಣಿಗಳು ಯಾವ ಹೊತ್ತಿಗೆ ಬರುತ್ತವೆ, ಗಾಳಿ ಏಳುವ ಮುನ್ನ ನೀರಿನ ಬಣ್ಣ ಹೇಗೆ ಬದಲಾಗುತ್ತದೆ ಎಂದು ಕೇಳಿ. ಲಂಗರನ್ನು ನೀವೇ ಹಾಕುತ್ತೇನೆಂದು ಹೇಳಿ. ಹೆಚ್ಚಿನವರು ಸಂತೋಷದಿಂದ ಕಲಿಸುತ್ತಾರೆ. ಆಮೇಲೆ ವಾರದ ಮುನ್ಸೂಚನೆ ನೋಡಿ, ಅತ್ಯಂತ ಶಾಂತವಾದ ದಿನವನ್ನು ಆರಿಸಿ ಸಣ್ಣ ದೋಣಿ ತೆಗೆದುಕೊಳ್ಳಿ. ಭಾರತದಿಂದಲೇ ಎರಡು ತಿಂಗಳು ಮುಂಚೆ ಹಣ ಕಟ್ಟಿ ದಿನ ನಿಗದಿಮಾಡಿಕೊಂಡು ಬಂದವರು, ಗಾಳಿ ಎದ್ದ ದಿನವೂ ಹಣ ಹೋಗುತ್ತದೆಂದು ಹೊರಡುತ್ತಾರೆ. ಆಗಸ್ಟ್ ನಡುವಿನ ಹಬ್ಬದ ದಟ್ಟಣೆ ಬಿಟ್ಟರೆ, ದಿನಾಂಕ ಬದಲಿಸಲು ಒಪ್ಪುವವರು ಸಿಕ್ಕೇ ಸಿಗುತ್ತಾರೆ.

ನೀವೇ ನಡೆಸುವ ದಿನ, ಎಂಜಿನ್ನಿನ ಸ್ವಿಚ್ಚಿಗೆ ಸಿಕ್ಕಿಸಿರುವ ಕೆಂಪು ಸುರುಳಿ ದಾರದ ಇನ್ನೊಂದು ತುದಿಯನ್ನು ಕಾಲಿಗೋ ಮಣಿಕಟ್ಟಿಗೋ ಸಿಕ್ಕಿಸಿಕೊಳ್ಳದೆ ಎಂಜಿನ್ ಚಾಲೂ ಮಾಡಬೇಡಿ. ನೀವು ನೀರಿಗೆ ಬಿದ್ದರೆ ಅದು ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ಇಲ್ಲವಾದರೆ ದೋಣಿ ಸುತ್ತು ಹೊಡೆದು ನಿಮ್ಮ ಮೇಲೇ ಬರಬಹುದು. ಈಜುವವರಿಗಾಗಿ ತೇಲುಬುರುಡೆಗಳ ಸಾಲು ಕಟ್ಟಿದ ಕಡೆ ಒಳಗೆ ನುಗ್ಗಬೇಡಿ. ಜನ ಏಣಿಯಿಂದ ಹತ್ತಿ ಇಳಿಯುವಾಗ ಎಂಜಿನ್ ಪೂರ್ತಿ ಆರಿಸಿರಲಿ, ನ್ಯೂಟ್ರಲ್ ಸಾಲದು. ಫೆರಿ ಹಡಗು ಕಂಡರೆ ಯಾರಿಗೆ ಮೊದಲ ಹಕ್ಕು ಎಂದು ಯೋಚಿಸದೆ ದೂರ ಸರಿಯಿರಿ, ಅದು ದಾಟಿದ ಮೇಲೆ ಬರುವ ಅಲೆಗಳನ್ನು ವೇಗ ತಗ್ಗಿಸಿ ಓರೆಯಾಗಿ ಎದುರಿಸಿ. ಬಾಡಿಗೆ ಕೊಟ್ಟವರ ಫೋನ್ ಸಂಖ್ಯೆಯನ್ನು ಒಬ್ಬರ ಬದಲು ಇಬ್ಬರ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ. ರೇಡಿಯೋ ಇದ್ದರೆ ತುರ್ತು ಕರೆಗೆ 16ನೇ ಚಾನೆಲ್. ಮೊಬೈಲ್‌ನಿಂದಾದರೆ ಯುರೋಪಿನ ಎಲ್ಲೆಡೆ 112. ಗ್ರೀಸ್‌ನ ಕರಾವಳಿ ಕಾವಲು ಪಡೆಗೆ ನೇರವಾಗಿ 108, ನಮ್ಮಲ್ಲಿ ಆಂಬುಲೆನ್ಸ್‌ಗೆ ಕರೆ ಮಾಡುವ ಅದೇ ಸಂಖ್ಯೆ.